ಘಟ್ಟದ ಮೇಲೆ, ಘಟ್ಟದ ಕೆಳಗೆ: ಓದುಗರ ಭೂಗೋಳ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪರೀಕ್ಷೆಗೆ ಓದುತ್ತಿರುವ ಮಕ್ಕಳವು. ಕೆಲವು ಅವರ ತಂದೆತಾಯಿಯರವು. ಮುಂಬಯಿ, ಪುಣೆ, ಗೋವಾದ ನಮ್ಮ ಮನೆಗಳಲ್ಲಿ ಮಕ್ಕಳು ಭೂಗೋಳವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿ ಬಂದು, ಅದರ ಅರ್ಥವನ್ನು ಕನ್ನಡದಲ್ಲಿ ಕೇಳುತ್ತಾರೆ. ಪತ್ರಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಓದಿದಾಗ, ಮಳೆಯ ಪ್ರಶ್ನೆಯಿಂದ ಹಿಡಿದು ವಲಸೆಯ ಪ್ರಶ್ನೆಯವರೆಗೆ ಬಹುಪಾಲು ಪ್ರಶ್ನೆಗಳ ಬೇರು ಸಹ್ಯಾದ್ರಿಯಲ್ಲೇ ಇರುವುದು ಕಂಡಿತು. ಆದ್ದರಿಂದ ಪಠ್ಯಪುಸ್ತಕದ ಅಧ್ಯಾಯಗಳ ಕ್ರಮವನ್ನು ಬದಿಗಿಟ್ಟು, ಘಟ್ಟವನ್ನು ಹಿಡಿದುಕೊಂಡೇ ಉತ್ತರಿಸಿದ್ದೇನೆ.

ಪ್ರಶ್ನೆ: ಜುಲೈ ತಿಂಗಳಲ್ಲಿ ಲೋಣಾವಳಾದಲ್ಲಿ ಎದುರಿಗಿರುವವರು ಕಾಣದಷ್ಟು ಮಳೆ ಸುರಿಯುತ್ತಿರುತ್ತದೆ. ಅಲ್ಲಿಂದ ಲೋಕಲ್ ರೈಲು ಹತ್ತಿ ಪುಣೆಗೆ ಬಂದರೆ ರಸ್ತೆ ಬರೀ ಒದ್ದೆಯಾಗಿರುತ್ತದೆ. ‘ಮೋಡಗಳು ಬೆಟ್ಟಕ್ಕೆ ಬಡಿದು ನೀರನ್ನೆಲ್ಲ ಅಲ್ಲಿಯೇ ಸುರಿಸುತ್ತವೆ’ ಎಂದು ಬರೆದರೆ ಸಾಕೇ? (ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಪಿಂಪ್ರಿ)

ಉತ್ತರ: ಸಾಲದು. ಮೋಡವು ಗೋಡೆಗೆ ಬಡಿದ ಬಿಂದಿಗೆಯಂತೆ ಒಡೆಯುವ ವಸ್ತುವಲ್ಲ. ಎಷ್ಟೋ ಟಿಪ್ಪಣಿ ಪುಸ್ತಕಗಳಲ್ಲಿ ಈ ವಾಕ್ಯ ಹಾಗೆಯೇ ಉಳಿದುಕೊಂಡಿದೆ, ಮತ್ತು ಅದನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಮುಂದಿನ ತರಗತಿಯಲ್ಲಿ ವಾಯುಮಂಡಲದ ಪಾಠ ಅರ್ಥವಾಗುವುದಿಲ್ಲ ಎಂಬುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ.

ಮೊದಲು ಸೈಕಲ್ಲಿಗೆ ಗಾಳಿ ಹಾಕುವ ಪಂಪನ್ನು ನೆನಪಿಸಿಕೊಳ್ಳಿ. ಹತ್ತಿಪ್ಪತ್ತು ಬಾರಿ ಒತ್ತಿದ ಮೇಲೆ ಪಂಪಿನ ಬುಡ ಮುಟ್ಟಿದರೆ ಬೆಚ್ಚಗಿರುತ್ತದೆ. ತುಂಬಿದ ಟ್ಯೂಬಿನ ವಾಲ್ವನ್ನು ಒತ್ತಿ ಹಿಡಿದರೆ ಹೊರಗೆ ನುಗ್ಗುವ ಗಾಳಿ ಬೆರಳಿಗೆ ತಣ್ಣಗೆ ತಗಲುತ್ತದೆ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ, ಹಿಗ್ಗಲು ಬಿಟ್ಟರೆ ತಂಪಾಗುತ್ತದೆ. ಅರಬ್ಬೀ ಸಮುದ್ರದಿಂದ ನೀರಾವಿ ತುಂಬಿಕೊಂಡು ಬರುವ ನೈಋತ್ಯ ಮಾರುತವು ಕೊಂಕಣದ ತಗ್ಗು ನೆಲವನ್ನು ದಾಟಿ ಘಟ್ಟದ ಬುಡಕ್ಕೆ ಬಂದಾಗ ಅದಕ್ಕೆ ಮೇಲೇರದೆ ಬೇರೆ ದಾರಿಯಿರುವುದಿಲ್ಲ. ಖೋಪೋಲಿ ಸಮುದ್ರಮಟ್ಟದಿಂದ ನೂರು ಮೀಟರು ಎತ್ತರದಲ್ಲಿಯೂ ಇಲ್ಲ. ಕೆಲವೇ ಕಿಲೋಮೀಟರು ಆಚೆಗಿರುವ ಲೋಣಾವಳಾ 600 ಮೀಟರಿಗಿಂತ ಎತ್ತರದಲ್ಲಿದೆ. ಮೇಲೇರಿದಂತೆ ಸುತ್ತಲಿನ ಒತ್ತಡ ಕಡಿಮೆಯಾಗುವುದರಿಂದ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ದರದಲ್ಲಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟೂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲು ಆಗದು, ಆವಿಯು ಹನಿಯಾಗುತ್ತದೆ. ಇದೇ ಸಾಂದ್ರೀಕರಣ. ಆವಿ ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಗಾಳಿಗೆ ಬಿಟ್ಟುಕೊಡುವುದರಿಂದ ಅಲ್ಲಿಂದ ಮುಂದೆ ತಣಿಯುವ ದರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮತ್ತು ಆ ಶಾಖವೇ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ಎತ್ತುತ್ತದೆ. ಹೀಗೆ ಬೀಳುವ ಮಳೆಯನ್ನು ಆರೋಹ ಮಳೆ ಅಥವಾ ಪರ್ವತ ಮಳೆ ಎನ್ನುತ್ತೇವೆ.

ಇನ್ನು ಪುಣೆ. ಇಲ್ಲಿ ನೀವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪುಣೆಯ ಎತ್ತರ ಸುಮಾರು 560 ಮೀಟರು, ಅಂದರೆ ಲೋಣಾವಳಾಕ್ಕಿಂತ ಹೆಚ್ಚೇನೂ ಕೆಳಗಿಲ್ಲ. ಎತ್ತರವೊಂದೇ ಮಳೆಯನ್ನು ನಿರ್ಧರಿಸುವುದಾಗಿದ್ದರೆ ಎರಡೂ ಊರುಗಳಲ್ಲಿ ಒಂದೇ ತೆರನಾಗಿ ಸುರಿಯಬೇಕಿತ್ತು. ಲೋಣಾವಳಾ ಇರುವುದು ಗಾಳಿ ಏರಿ ಬರುವ ಅಂಚಿನಲ್ಲಿ. ಪುಣೆ ಇರುವುದು ಅಂಚು ದಾಟಿದ ಮೇಲೆ, ಒಳನಾಡಿನಲ್ಲಿ. ಅಲ್ಲಿಗೆ ಬರುವ ಹೊತ್ತಿಗೆ ಗಾಳಿ ತನ್ನ ತೇವದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಕಡಿದು ಇಳಿಜಾರೂ ಇರುವುದಿಲ್ಲ, ಜೊತೆಗೆ ಇಳಿಯುವ ಗಾಳಿ ಅದುಮಿಕೊಂಡು ಬೆಚ್ಚಗಾಗುವುದರಿಂದ ಉಳಿದ ಮೋಡಗಳೂ ತೆಳುವಾಗುತ್ತವೆ. ಪರಿಣಾಮವಾಗಿ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರಿಗಿಂತ ಹೆಚ್ಚು, ಮುಂಬಯಿಯ ಸಾಂತಾಕ್ರೂಜಿನಲ್ಲಿ 2,200 ಮಿಲಿಮೀಟರಿಗಿಂತ ಹೆಚ್ಚು ಮಳೆಯಾದರೆ ಪುಣೆಗೆ ಸಿಗುವುದು 700ರಿಂದ 750 ಮಿಲಿಮೀಟರು. ಪುಣೆ ಮಳೆನೆರಳಿನ ಪ್ರದೇಶದಲ್ಲಿದೆ ಎನ್ನುವುದರ ಅರ್ಥ ಇದು. ನಿಮ್ಮ ಅಜ್ಜನ ಊರು ಮಲೆನಾಡಿನ ಕಡೆಯದಾಗಿದ್ದರೆ ಆಗುಂಬೆಯ 7,000 ಮಿಲಿಮೀಟರನ್ನೂ ಚಳ್ಳಕೆರೆಯ ಬಯಲನ್ನೂ ನೆನೆದುಕೊಳ್ಳಿ. ಅಲ್ಲಿ ನಡೆಯುವುದೂ ಇದೇ ಆಟ.

ಪರೀಕ್ಷೆಯಲ್ಲಿ ‘ಮೇಲೇರುವುದು, ಹಿಗ್ಗುವುದು, ತಣಿಯುವುದು, ಹನಿಗಟ್ಟುವುದು’ ಎಂಬ ಸರಪಳಿಯ ಒಂದೊಂದು ಕೊಂಡಿಯನ್ನೂ ಬರೆಯಿರಿ. ‘ಬಡಿದು’ ಎಂಬ ಪದವನ್ನು ಮರೆತುಬಿಡಿ.

ಪ್ರಶ್ನೆ: ಹವಾಮಾನ ಮತ್ತು ವಾಯುಗುಣಕ್ಕೆ ಏನು ವ್ಯತ್ಯಾಸ? ಮನೆಯಲ್ಲಿ ಎರಡನ್ನೂ ಒಂದೇ ಎನ್ನುತ್ತಾರೆ. (ಎಂಟನೆಯ ತರಗತಿ, ಘಾಟ್ಕೋಪರ್)

ಉತ್ತರ: 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು, ಅದೇ ಅವಧಿಯಲ್ಲಿ ಇದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಒಂದು ಜಾಗದಲ್ಲಿ ಒಂದು ಹೊತ್ತಿನಲ್ಲಿ ವಾಯುಮಂಡಲ ಹೇಗಿದೆ ಎಂಬುದು ಹವಾಮಾನ. ಮೂವತ್ತು ವರ್ಷಗಳಷ್ಟು ದೀರ್ಘಕಾಲ ಹೀಗೆ ದಿನದಿನವೂ ಬರೆದಿಟ್ಟದ್ದರಿಂದ ತೆಗೆದ ಸರಾಸರಿ ಮತ್ತು ಏರಿಳಿತದ ಚಿತ್ರ ವಾಯುಗುಣ. ‘ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ’ ಎಂಬುದು ವಾಯುಗುಣದ ಮಾತು. ‘ಇಂದು ಕೊಡೆ ಬೇಕು’ ಎಂಬುದು ಹವಾಮಾನದ ಮಾತು.

ಪ್ರಶ್ನೆ: ಪುಣೆಯಿಂದ ಪಶ್ಚಿಮ ಸಮುದ್ರ ನೂರು ಕಿಲೋಮೀಟರಿನಷ್ಟೇ ದೂರ. ಹಾಗಿದ್ದೂ ಮುಠಾ ನದಿ ಪೂರ್ವಕ್ಕೆ ಏಕೆ ಹರಿಯುತ್ತದೆ? ನಾನು ಕಲಬುರಗಿ ಜಿಲ್ಲೆಯವನು, ಇಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೂ ಸಿದ್ಧನಾಗುತ್ತಿದ್ದೇನೆ. (ಓದುಗ, ಪುಣೆ)

ಉತ್ತರ: ನಿಮ್ಮ ಪ್ರಶ್ನೆ ನನಗೆ ಬಹಳ ಹಿಡಿಸಿತು, ಏಕೆಂದರೆ ನೀವು ಸೇತುವೆಯ ಮೇಲೆ ನಿಂತು ನೋಡುವ ಆ ನೀರು ನಿಮ್ಮ ಊರಿನ ಕಡೆಗೇ ಹೊರಟಿದೆ. ಪುಣೆಯ ಸಂಗಮದಲ್ಲಿ ಮುಳಾ ಮತ್ತು ಮುಠಾ ಕೂಡುತ್ತವೆ. ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ಹಾದು, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಕರ್ನಾಟಕದೊಳಗೆ ಬಂದು, ಗಾಣಗಾಪುರವನ್ನೂ ಸನ್ನತಿಯನ್ನೂ ತಾಗಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಬೆರೆತು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ನದಿಗೆ ಸಮುದ್ರ ಎಷ್ಟು ದೂರ ಎಂಬುದು ಗೊತ್ತಿಲ್ಲ. ನೆಲ ಯಾವ ಕಡೆಗೆ ವಾಲಿದೆ ಎಂಬುದಷ್ಟೇ ಅದಕ್ಕೆ ಲೆಕ್ಕ. ಭಾರತದ ಪಶ್ಚಿಮ ಅಂಚಿನಿಂದ ಬೇರೆ ಭೂಭಾಗಗಳು ಸೀಳಿಕೊಂಡು ದೂರವಾದ ಕಾಲದಲ್ಲಿ ಮತ್ತು ಆನಂತರ, ಆ ಅಂಚು ಮೇಲೆದ್ದಿತು, ಇಡೀ ದಖ್ಖನ್ ಪ್ರಸ್ಥಭೂಮಿ ಪೂರ್ವಕ್ಕೆ ಸ್ವಲ್ಪ ವಾಲಿತು. ಹೀಗಾಗಿ ಘಟ್ಟದ ನೆತ್ತಿಯೇ ಜಲವಿಭಾಜಕ. ಒಂದೇ ಮೋಡದ ಎರಡು ಹನಿಗಳಲ್ಲಿ ನೆತ್ತಿಯ ಪಶ್ಚಿಮಕ್ಕೆ ಬಿದ್ದದ್ದು ಉಲ್ಹಾಸ ಅಥವಾ ಪಾತಾಳಗಂಗೆಯನ್ನು ಸೇರಿ ಬೇಗನೆ ಅರಬ್ಬೀ ಸಮುದ್ರಕ್ಕೆ ಇಳಿದರೆ, ಪೂರ್ವಕ್ಕೆ ಬಿದ್ದದ್ದು ಪರ್ಯಾಯದ್ವೀಪದ ಅಗಲವನ್ನೆಲ್ಲ ದಾಟಬೇಕು. ಒಂದು ನದಿಗೆ ಮತ್ತು ಅದರ ಉಪನದಿಗಳಿಗೆ ನೀರು ಹರಿದುಬರುವ ಇಡೀ ನೆಲವನ್ನು ಜಲಾನಯನ ಪ್ರದೇಶ ಎನ್ನುತ್ತೇವೆ. ಎರಡು ಜಲಾನಯನಗಳ ನಡುವಿನ ಗೆರೆ ಜಲವಿಭಾಜಕ. ಇದನ್ನು ರಾಜ್ಯದ ಗಡಿಯೊಂದಿಗೆ ಹೋಲಿಸಿ ನೋಡುವುದು ಅಗತ್ಯ. ಗೋವಾದ ಮಾಂಡೋವಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಮಹಾದಾಯಿ ಎಂಬ ಹೆಸರಿನಿಂದ; ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ನದಿ ನೀರಿನ ವಿವಾದಗಳು ಏಕೆ ಇಷ್ಟು ಬಿಗಿಯಾಗಿವೆ ಎಂಬುದರ ಪ್ರಾಕೃತಿಕ ಮೂಲ ಇಲ್ಲಿದೆ.

ಮನುಷ್ಯ ಈ ಗೆರೆಯನ್ನು ದಾಟಿದ ಒಂದು ಪ್ರಸಂಗವನ್ನು ಹೇಳದೆ ಉತ್ತರ ಮುಗಿಸಲಾರೆ. ಪೂರ್ವಕ್ಕೆ ಹರಿಯಬೇಕಿದ್ದ ನೀರನ್ನು ಲೋಣಾವಳಾ ಸುತ್ತಲಿನ ಕೆರೆಗಳಲ್ಲಿ ಕಟ್ಟಿಹಾಕಿ, ಕೊಳವೆಗಳ ಮೂಲಕ 500 ಮೀಟರಿಗೂ ಹೆಚ್ಚು ಕೆಳಗೆ ಖೋಪೋಲಿಗೆ ಇಳಿಸಿ, 1915ರಲ್ಲಿ ಟಾಟಾ ಸಂಸ್ಥೆ ಜಲವಿದ್ಯುತ್ ಉತ್ಪಾದನೆ ಆರಂಭಿಸಿತು. ಮುಂಬಯಿಯ ಗಿರಣಿಗಳು ಆ ವಿದ್ಯುತ್ತಿನಿಂದ ನಡೆದವು. ಮುಂದೆ ಮುಳಶಿಯಲ್ಲಿ ಅಣೆಕಟ್ಟಿಗಾಗಿ ಹಳ್ಳಿಗಳು ಮುಳುಗುವ ಸ್ಥಿತಿ ಬಂದಾಗ 1921ರಲ್ಲಿ ರೈತರು ಸತ್ಯಾಗ್ರಹಕ್ಕಿಳಿದರು. ಸೇನಾಪತಿ ಬಾಪಟ್ ಅದರ ಮುಂಚೂಣಿಯಲ್ಲಿದ್ದರು. ಭೀಮೆಯ ಜಲಾನಯನಕ್ಕೆ ಸೇರಿದ ಆ ನೀರಿನ ಒಂದು ಪಾಲು ಇಂದಿಗೂ ಪಶ್ಚಿಮಕ್ಕೆ ಇಳಿಯುತ್ತಿದೆ. ನಕ್ಷೆಯಲ್ಲಿ ಜಲವಿಭಾಜಕದ ಗೆರೆ ಎಳೆಯುವಾಗ ಪ್ರಕೃತಿಯ ಗೆರೆಯೊಂದು, ಮನುಷ್ಯ ಬದಲಿಸಿದ ಗೆರೆಯೊಂದು ಇರುತ್ತದೆ ಎಂಬುದನ್ನು ನೀವು ಉತ್ತರದಲ್ಲಿ ತೋರಿಸಿದರೆ ಅದು ಉಳಿದವರ ಉತ್ತರಕ್ಕಿಂತ ಬೇರೆಯಾಗಿ ನಿಲ್ಲುತ್ತದೆ.

ಪ್ರಶ್ನೆ: ದೊಡ್ಡ ಪ್ರಮಾಣದ ನಕ್ಷೆ ಎಂದರೆ ದೊಡ್ಡ ಪ್ರದೇಶವನ್ನು ತೋರಿಸುವ ನಕ್ಷೆಯಲ್ಲವೇ? ನನ್ನ ಉತ್ತರಕ್ಕೆ ತಪ್ಪು ಗುರುತು ಹಾಕಿದ್ದಾರೆ. (ಹನ್ನೊಂದನೆಯ ತರಗತಿ, ಠಾಣೆ)

ಉತ್ತರ: ತಪ್ಪು ಗುರುತು ಸರಿಯಾಗಿಯೇ ಬಿದ್ದಿದೆ. 1:50,000 ಎಂಬುದನ್ನು ಭಿನ್ನರಾಶಿಯಾಗಿ ಓದಿ. ಐವತ್ತು ಸಾವಿರದ ಒಂದು ಪಾಲು, ಹತ್ತು ಲಕ್ಷದ ಒಂದು ಪಾಲಿಗಿಂತ ದೊಡ್ಡದು. ಆದ್ದರಿಂದ 1:50,000ರ ನಕ್ಷೆಯೇ ದೊಡ್ಡ ಪ್ರಮಾಣದ್ದು. ಅದರಲ್ಲಿ 2 ಸೆಂಟಿಮೀಟರು ನೆಲದ ಮೇಲಿನ 1 ಕಿಲೋಮೀಟರಿಗೆ ಸಮ, ಸಣ್ಣ ಪ್ರದೇಶ ಹೆಚ್ಚು ವಿವರವಾಗಿ ಕಾಣುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಯಲ್ಲಿ ಖಂಡಾಳಾದ ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ಒಮ್ಮೆ ನೋಡಿ: ಬೆರಳ ತುದಿಯಷ್ಟು ಜಾಗದಲ್ಲಿ ಕೂದಲೆಳೆಗಳಂತೆ ಒತ್ತೊತ್ತಾಗಿ ಬಂದಿರುತ್ತವೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಅವು ಒಂದರಿಂದೊಂದು ದೂರವಾಗುತ್ತವೆ. ಮೇಲೆ ಹೇಳಿದ ಕಡಿದು ಅಂಚು ಮತ್ತು ಇಳಿಜಾರಿನ ಬಯಲು, ಎರಡೂ ಆ ಒಂದು ಹಾಳೆಯಲ್ಲಿವೆ.

ಪ್ರಶ್ನೆ: ನಮ್ಮ ಮೂಲ ಊರು ನವಲಗುಂದದ ಕಡೆ, ಅಲ್ಲಿ ಕಪ್ಪು ಎರೆ ನೆಲ. ವಾಸ್ಕೋದಲ್ಲಿ ಎಲ್ಲಿ ಅಗೆದರೂ ಕೆಂಪು. ಕಪ್ಪು ಕಲ್ಲಿನಿಂದ ಕಪ್ಪು ಮಣ್ಣು, ಕೆಂಪು ಕಲ್ಲಿನಿಂದ ಕೆಂಪು ಮಣ್ಣು ಎಂದು ಮಗನಿಗೆ ಹೇಳಿಕೊಟ್ಟೆ. ಸರಿಯೇ? (ಒಬ್ಬ ತಾಯಿ, ವಾಸ್ಕೋ)

ಉತ್ತರ: ಮೂಲಶಿಲೆಯನ್ನು ಗಮನಿಸಿದ್ದು ಸರಿ, ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಅರ್ಧ ಕಥೆಯಾಗುತ್ತದೆ. ಮಣ್ಣನ್ನು ಮಾಡುವುದರಲ್ಲಿ ಕಲ್ಲಿಗೆ ಎಷ್ಟು ಪಾತ್ರವಿದೆಯೋ ಮಳೆಗೂ ಅಷ್ಟೇ ಪಾತ್ರವಿದೆ. ಇದಕ್ಕೆ ಪುರಾವೆ ಮಹಾರಾಷ್ಟ್ರದಲ್ಲೇ ಸಿಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ ಪಂಚಗಣಿಯ ಕೆಳಗೂ ಇದೆ, ಸೊಲ್ಲಾಪುರದ ಕೆಳಗೂ ಇದೆ. ಕಲ್ಲು ಒಂದೇ. ಆದರೆ ಪಂಚಗಣಿಯ ಟೇಬಲ್ ಲ್ಯಾಂಡಿನ ನೆತ್ತಿಯ ಮೇಲೆ ಇರುವುದು ಕೆಂಪು ಲ್ಯಾಟರೈಟ್, ಸೊಲ್ಲಾಪುರದಲ್ಲಿ ಇರುವುದು ಕಪ್ಪು ಎರೆ ಮಣ್ಣು.

ಮಳೆ ಧಾರಾಳವಾಗಿ ಸುರಿದು, ಆಮೇಲೆ ತಿಂಗಳುಗಟ್ಟಲೆ ಒಣಗುವಲ್ಲಿ, ಇಳಿಯುವ ನೀರು ಕಲ್ಲಿನಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ಸಿಲಿಕಾಗಳನ್ನು ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದುಕೊಳ್ಳುತ್ತವೆ. ಕಬ್ಬಿಣದ ತುಕ್ಕಿನ ಬಣ್ಣವೇ ಆ ಕೆಂಪು. ನಮ್ಮ ಪಠ್ಯಗಳು ಇದನ್ನು ಜಂಬಿಟ್ಟಿಗೆ ಮಣ್ಣು ಎಂದು ಕರೆಯುತ್ತವೆ. ಕರಾವಳಿಯವರು ಮುರಕಲ್ಲು ಎನ್ನುತ್ತಾರೆ, ಗೋವಾದ ಕೊಂಕಣಿಯಲ್ಲಿ ಚಿರೆ. ನೆಲದಲ್ಲಿದ್ದಾಗ ಕತ್ತರಿಸುವಷ್ಟು ಮೆದುವಾಗಿದ್ದು, ಹೊರತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುವ ಇದರ ಗುಣದಿಂದಲೇ ಅದು ಮನೆ ಕಟ್ಟುವ ಕಲ್ಲಾಯಿತು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೇರಳದ ಅಂಗಡಿಪುರದ ಈ ಕಲ್ಲನ್ನು ವರ್ಣಿಸುತ್ತ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆ ಇರುವುದನ್ನು ಮಗನಿಗೆ ತೋರಿಸಿ.

ಮಳೆ ಕಡಿಮೆಯಿರುವ ನವಲಗುಂದದ ಕಡೆಯಲ್ಲಿ ಸುಣ್ಣ, ಮೆಗ್ನೀಸಿಯಂಗಳು ತೊಳೆದುಹೋಗುವುದಿಲ್ಲ. ಅಲ್ಲಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿಯ ಕಣಗಳು ಹುಟ್ಟುತ್ತವೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ನೀವು ಕಂಡಿರುತ್ತೀರಿ. ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಬಿದ್ದು, ಮಳೆ ಬಂದಾಗ ಬಿರುಕು ಮುಚ್ಚಿ, ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಕಪ್ಪಗಿದೆ ಎಂದರೆ ಗೊಬ್ಬರದ ಅಂಶ ಹೆಚ್ಚಿದೆ ಎಂದು ತಿಳಿಯಬಾರದು; ಎರೆ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚೇನೂ ಇರುವುದಿಲ್ಲ.

ಒಂದು ಮಾತನ್ನು ನಿಮಗೆಂದೇ ಸೇರಿಸುತ್ತೇನೆ. ಗೋವಾದ ಬಹುಭಾಗದ ಅಡಿಯಲ್ಲಿರುವುದು ದಖ್ಖನಿನ ಬಸಾಲ್ಟ್ ಅಲ್ಲ, ಅದಕ್ಕಿಂತ ಎಷ್ಟೋ ಹಳೆಯ ಶಿಲೆಗಳು. ಭೂವಿಜ್ಞಾನಿಗಳು ಅವುಗಳನ್ನು ಸೇರಿಸುವ ಶಿಲಾಕುಟುಂಬದ ಹೆಸರು ಧಾರವಾಡ. ಊರು ಬಿಟ್ಟು ದೂರ ಬಂದೆವೆಂದು ನಿಮ್ಮ ಮಗನಿಗೆ ಅನ್ನಿಸಿದರೆ, ಅವನ ಕಾಲಡಿಯ ಬಂಡೆಯ ಹೆಸರು ತನ್ನದೇ ಜಿಲ್ಲೆಯದು ಎಂದು ಹೇಳಿ.

ಪ್ರಶ್ನೆ: ‘ನೆಲೆ’ ಮತ್ತು ‘ಸನ್ನಿವೇಶ’ ಎಂಬ ಎರಡು ಪರಿಕಲ್ಪನೆಗಳನ್ನು ಮುಂಬಯಿಯ ಉದಾಹರಣೆಯೊಂದಿಗೆ ವಿವರಿಸಿ. (ಬಿ.ಎ. ವಿದ್ಯಾರ್ಥಿ, ಮಾಟುಂಗಾ)

ಉತ್ತರ: ಊರು ನಿಂತ ಜಾಗದ ಗುಣಗಳು, ಅಂದರೆ ನೆಲದ ಏರುತಗ್ಗು, ನೀರು, ಕಲ್ಲು, ಕೆಸರು, ಇವೆಲ್ಲ ಅದರ ನೆಲೆ. ಸುತ್ತಲಿನ ಊರು, ದಾರಿ, ಸಮುದ್ರ, ಮಾರುಕಟ್ಟೆಗಳಿಗೆ ಹೋಲಿಸಿದಾಗ ಆ ಊರು ಎಲ್ಲಿದೆ ಎಂಬುದು ಸನ್ನಿವೇಶ. ಮುಂಬಯಿಯ ನೆಲೆ ಬಹುಪಾಲು ಕೆಟ್ಟದ್ದು. ಏಳು ದ್ವೀಪಗಳ ನಡುವೆ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಕೆಸರಾಗುವ ತಗ್ಗು, ಕುಡಿಯುವ ನೀರಿನ ಕೊರತೆ. 1860ರಲ್ಲಿ ವಿಹಾರ ಕೆರೆ ಸಿದ್ಧವಾಗುವವರೆಗೆ ಬಾವಿ ಮತ್ತು ಕೆರೆಗಳೇ ಗತಿ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಈ ದ್ವೀಪಗಳನ್ನು ಪಡೆದ ಇಂಗ್ಲೆಂಡಿನ ಅರಸನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟನು ಎಂದರೆ ಆ ಕಾಲದಲ್ಲಿ ಅದಕ್ಕಿದ್ದ ಬೆಲೆ ತಿಳಿಯುತ್ತದೆ. ನೆಲೆಯಲ್ಲಿದ್ದ ಒಂದೇ ದೊಡ್ಡ ಗುಣ ಪೂರ್ವ ದಿಕ್ಕಿನ ಆಳವಾದ, ಅಲೆಯ ಹೊಡೆತಕ್ಕೆ ಸಿಗದ ಬಂದರು.

ಸನ್ನಿವೇಶ ಬದಲಾದಾಗ ಊರಿನ ಹಣೆಬರಹವೇ ಬದಲಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. 1863ರಲ್ಲಿ ಬೋರ್ ಘಾಟಿನ ಮಾರ್ಗ ತೆರೆದು ದಖ್ಖನಿನ ಹತ್ತಿ ನೇರವಾಗಿ ಬಂದರಿಗೆ ಇಳಿಯತೊಡಗಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದಾಗ ಯುರೋಪಿಗೆ ಅತ್ಯಂತ ಹತ್ತಿರದ ದೊಡ್ಡ ಭಾರತೀಯ ಬಂದರುಗಳಲ್ಲಿ ಮುಂಬಯಿ ಮುಂದೆ ಬಂತು. ಬಂದರಿಗೆ ಸರಕು ಒದಗಿಸುವ, ಬಂದರಿನಿಂದ ಸರಕು ಪಡೆಯುವ ಒಳನಾಡನ್ನು ಹಿನ್ನಾಡು ಎನ್ನುತ್ತೇವೆ. ಘಟ್ಟ ಇದ್ದಲ್ಲೇ ಇತ್ತು. ಸುರಂಗ ಕೊರೆದ ದಿನ ಮುಂಬಯಿಯ ಹಿನ್ನಾಡು ಘಟ್ಟದ ಮೇಲಕ್ಕೆ ಹಬ್ಬಿತು.

ಇದರ ಇನ್ನೊಂದು ಮುಖವನ್ನು ನಮ್ಮ ಕುಮಟಾದಲ್ಲಿ ನೋಡಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ವೇಳೆ ಭಾರತದ ಹತ್ತಿಗೆ ಬೇಡಿಕೆ ಏರಿತು. ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ ‘ಕೂಂಪ್ಟಾ’ ಎಂಬುದು ಒಂದು ತಳಿಯ ವ್ಯಾಪಾರದ ಹೆಸರಾಗಿತ್ತು. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಕಡೆಯಿಂದ ಕ್ಯಾಸಲ್ ರಾಕ್ ಮೂಲಕ ಗೋವಾದ ಮುರಗಾಂವ್ ಬಂದರಿಗೆ ರೈಲು ಇಳಿದ ಮೇಲೆ ಹತ್ತಿ ಆ ದಾರಿ ಹಿಡಿಯಿತು, ಕುಮಟಾದ ವ್ಯಾಪಾರ ಕುಗ್ಗಿತು. ಕುಮಟಾದ ನೆಲೆಯಲ್ಲಿ ಒಂದು ಕಲ್ಲೂ ಕದಲಿರಲಿಲ್ಲ. ಪರೀಕ್ಷಕರು ಮುಂಬಯಿಯನ್ನಷ್ಟೇ ಕೇಳಿದ್ದರೂ ಈ ಜೋಡಿ ಉದಾಹರಣೆಯನ್ನು ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಎರಡು ಪರಿಕಲ್ಪನೆಗಳು ಬೇರೆಬೇರೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ವಲಸೆಯ ‘ಆಕರ್ಷಕ’ ಮತ್ತು ‘ವಿಕರ್ಷಕ’ ಅಂಶಗಳನ್ನು ಎರಡು ಪಟ್ಟಿಗಳಾಗಿ ಬರೆದರೆ ಸಾಕೇ? (ಹನ್ನೆರಡನೆಯ ತರಗತಿ, ಡೊಂಬಿವಲಿ)

ಉತ್ತರ: ಪಟ್ಟಿ ಆರಂಭಕ್ಕೆ ಒಳ್ಳೆಯದು. ಹಳ್ಳಿಯಲ್ಲಿ ಕೆಲಸವಿಲ್ಲದಿರುವುದು ತಳ್ಳುತ್ತದೆ, ನಗರದ ಕೂಲಿ ಸೆಳೆಯುತ್ತದೆ. ಆದರೆ ಒಂದೇ ಘಟನೆ ಒಬ್ಬರನ್ನು ತಳ್ಳಿ ಇನ್ನೊಬ್ಬರನ್ನು ಊರಲ್ಲೇ ನಿಲ್ಲಿಸಬಹುದು ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ದಕ್ಷಿಣ ಕನ್ನಡದಲ್ಲಿ ಗೇಣಿದಾರರಿಗೆ ಉಳುವ ಭೂಮಿ ಸ್ವಂತವಾಗಿ ಸಿಕ್ಕಿ ಅವರ ಬೇರು ಗಟ್ಟಿಯಾಯಿತು. ಜಮೀನು ಕೈಬಿಟ್ಟುಹೋದ ಎಷ್ಟೋ ಮನೆಗಳ ಹುಡುಗರು ಮುಂಬಯಿಯ ದಾರಿ ಹಿಡಿದರು.

ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ನಾನು ಈ ಅಧ್ಯಾಯವನ್ನು ಪುಸ್ತಕದಿಂದ ಆರಂಭಿಸುತ್ತಿರಲಿಲ್ಲ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬಂದ ಹುಡುಗರಿಗೆ ಒಂದೊಂದು ಹಾಳೆ ಕೊಟ್ಟು, ‘ನೀನು ಮುಂಬಯಿಗೆ ಬಂದದ್ದು ಯಾರ ಹಿಂದೆ? ಮೊದಲ ರಾತ್ರಿ ಮಲಗಿದ್ದು ಎಲ್ಲಿ?’ ಎಂದು ಬರೆಯಲು ಹೇಳುತ್ತಿದ್ದೆ. ಸಂಬಳದ ಮೊತ್ತವನ್ನು ಬರೆದವರು ಕಡಿಮೆ. ಮಾವನ ಹಿಂದೆ, ದೊಡ್ಡಪ್ಪನ ಮಗನ ಹಿಂದೆ, ನೆರೆಮನೆಯ ಅಣ್ಣನ ಹಿಂದೆ ಎಂದೇ ಹೆಚ್ಚಿನವರು ಬರೆಯುತ್ತಿದ್ದರು. ಕುಂದಾಪುರದ ಹತ್ತಿರದ ಒಬ್ಬ ಹುಡುಗನ ಹಾಳೆ ಇನ್ನೂ ಕಣ್ಣಮುಂದಿದೆ. ಅವನು ಬಾಣದ ಗುರುತುಗಳಿಂದ ತನ್ನ ಊರಿನ ಐದು ಮನೆಗಳನ್ನೂ ಫೋರ್ಟ್ ಭಾಗದ ಒಂದೇ ಹೋಟೆಲಿನ ಹಿಂದಿನ ಕೋಣೆಯನ್ನೂ ಜೋಡಿಸಿದ್ದ. ಕೋಣೆಯ ಪಕ್ಕ ‘ಇಲ್ಲಿ ಎಲ್ಲರೂ’ ಎಂದು ಬರೆದಿದ್ದ. ಭೂಗೋಳದಲ್ಲಿ ಇದಕ್ಕೆ ಸರಪಳಿ ವಲಸೆ ಎಂದು ಹೆಸರು. ಮೊದಲು ಹೋದವನು ಮುಂದಿನವನಿಗೆ ಸುದ್ದಿ, ಜಾಗ, ಕೆಲಸ ಮೂರನ್ನೂ ಒದಗಿಸುತ್ತಾನೆ. ಅದಕ್ಕಾಗಿಯೇ ಒಂದು ತಾಲೂಕಿನವರು ಒಂದೇ ಕಸುಬಿನಲ್ಲಿ, ಒಂದೇ ಬಡಾವಣೆಯಲ್ಲಿ ಗುಂಪಾಗಿ ಕಾಣುತ್ತಾರೆ.

ರ‍್ಯಾವೆನ್‌ಸ್ಟೀನ್ ಎಂಬ ಭೂಗೋಳಜ್ಞನು 1885ರಲ್ಲಿ ವಲಸೆಯ ನಿಯಮಗಳನ್ನು ಮಂಡಿಸಿದನು: ಹೆಚ್ಚಿನವರು ಹತ್ತಿರದ ಜಾಗಕ್ಕೇ ಹೋಗುತ್ತಾರೆ, ಹಲವರು ಹಂತಹಂತವಾಗಿ ಸಾಗುತ್ತಾರೆ, ಪ್ರತಿ ಪ್ರವಾಹಕ್ಕೂ ಒಂದು ಮರುಪ್ರವಾಹವಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಎವರೆಟ್ ಲೀ 1966ರಲ್ಲಿ ಇದಕ್ಕೆ ‘ನಡುವಿನ ಅಡೆತಡೆ’ ಎಂಬ ಅಂಶವನ್ನು ಸೇರಿಸಿದನು. ಕರಾವಳಿಯವರಿಗೆ ಆ ಅಡೆತಡೆಯನ್ನು ವಿವರಿಸಿ ಹೇಳಬೇಕಿಲ್ಲ. ಮಂಗಳೂರಿಗೂ ಮುಂಬಯಿಗೂ ನಡುವೆ ಅಳಿವೆಯ ಮೇಲೆ ಅಳಿವೆ. ಸ್ಟೀಮರಿನ ಕಾಲ ಹೋಗಿ ಬಸ್ಸಿನ ಕಾಲ ಬಂದರೂ ಪ್ರಯಾಣ ದೀರ್ಘವೇ ಆಗಿತ್ತು. ಸುಮಾರು 740 ಕಿಲೋಮೀಟರು ಉದ್ದದ ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾಗಿ ತೆರೆದುಕೊಂಡಿತು. ಹೊನ್ನಾವರದಲ್ಲಿ ಶರಾವತಿಯನ್ನು 2 ಕಿಲೋಮೀಟರಿಗೂ ಉದ್ದದ ಸೇತುವೆ ದಾಟಿತು. ದೂರ ಅಷ್ಟೇ ಉಳಿದು, ದೂರವನ್ನು ದಾಟುವ ಹೊತ್ತು ಕುಗ್ಗಿತು. ಹೋಗುವುದಷ್ಟೇ ಸುಲಭವಾಗಲಿಲ್ಲ, ಹಬ್ಬಕ್ಕೆ, ಕೋಲಕ್ಕೆ, ಮದುವೆಗೆ ಮರಳುವುದೂ ಸುಲಭವಾಯಿತು.

ಪ್ರಶ್ನೆ: ಮುಂಬಯಿಯ ಜನಸಂಖ್ಯೆ ಎಲ್ಲೆಡೆ ಏರುತ್ತಲೇ ಇದೆಯೇ? (ಒಂಬತ್ತನೆಯ ತರಗತಿ, ಮೀರಾರೋಡ್)

ಉತ್ತರ: ಇಲ್ಲ. 2001ರ ಜನಗಣತಿಯಲ್ಲಿ ದಕ್ಷಿಣದ ಮುಂಬಯಿ ನಗರ ಜಿಲ್ಲೆಯಲ್ಲಿ ಸುಮಾರು 33.4 ಲಕ್ಷ ಜನರಿದ್ದರು. 2011ರಲ್ಲಿ ಅದು 30.9 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಉಪನಗರ ಜಿಲ್ಲೆ 86 ಲಕ್ಷದಿಂದ 93 ಲಕ್ಷ ದಾಟಿತು. ಗಿರಣಿಗಳು ಮುಚ್ಚಿ, ಬಾಡಿಗೆ ಏರಿ, ಚಾಳುಗಳಲ್ಲಿದ್ದ ಕುಟುಂಬಗಳು ಉತ್ತರಕ್ಕೆ ಸರಿದವು. ನಿಮ್ಮ ಮನೆಯವರೂ ಹಾಗೆಯೇ ಬಂದವರಿರಬಹುದು, ಕೇಳಿ ನೋಡಿ. ಜನಸಾಂದ್ರತೆ ಎಂದರೆ ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬ ಲೆಕ್ಕ. 2011ರಲ್ಲಿ ಅದು ಕರ್ನಾಟಕದಲ್ಲಿ 319, ಗೋವಾದಲ್ಲಿ 394, ಮುಂಬಯಿಯಲ್ಲಿ ಸುಮಾರು 20,000.

ಪ್ರಶ್ನೆ: ‘ಸಾಂಸ್ಕೃತಿಕ ಭೂದೃಶ್ಯ’ಕ್ಕೆ ಗೋವಾದಿಂದ ಒಂದು ಉದಾಹರಣೆ ಕೊಡಿ. ಚರ್ಚು, ದೇವಾಲಯಗಳನ್ನು ಬರೆದರೆ ಸರಿಯೇ? (ಕಾಲೇಜು ವಿದ್ಯಾರ್ಥಿನಿ, ಮಡಗಾಂವ್)

ಉತ್ತರ: ಅವೂ ಸೇರುತ್ತವೆ. ಆದರೆ ಅಮೆರಿಕದ ಭೂಗೋಳಜ್ಞ ಕಾರ್ಲ್ ಸಾವರ್ 1925ರಲ್ಲಿ ಈ ಪರಿಕಲ್ಪನೆಯನ್ನು ಬೆಳೆಸಿದಾಗ ಹೇಳಿದ್ದು, ಪ್ರಕೃತಿ ಒದಗಿಸಿದ ನೆಲದ ಮೇಲೆ ಒಂದು ಜನಸಮುದಾಯದ ಸಂಸ್ಕೃತಿ ಕೆಲಸ ಮಾಡಿದಾಗ ಮೂಡುವ ನೋಟವೇ ಸಾಂಸ್ಕೃತಿಕ ಭೂದೃಶ್ಯ ಎಂದು. ಅದಕ್ಕೆ ಖಾಜನ್ ಗದ್ದೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಾಂಡೋವಿ, ಜುವಾರಿ ಅಳಿವೆಗಳ ಉಪ್ಪುನೀರಿನ ತಗ್ಗಿಗೆ ಮಣ್ಣಿನ ಒಡ್ಡು ಕಟ್ಟಿ, ಬಾಗಿಲುಳ್ಳ ತೂಬಿನಿಂದ ಉಬ್ಬರದ ನೀರನ್ನು ತಡೆದು, ಮಳೆಗಾಲದಲ್ಲಿ ಉಪ್ಪನ್ನು ತಾಳುವ ಭತ್ತ ಬೆಳೆದು, ಉಳಿದ ಕಾಲದಲ್ಲಿ ಮೀನು, ಸಿಗಡಿ ಹಿಡಿಯುವ ಪದ್ಧತಿ ಅದು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇದಕ್ಕೆ ಗಜನಿ ಎನ್ನುತ್ತಾರೆ, ಅಲ್ಲಿನ ಭತ್ತ ಕಗ್ಗ. ಎರಡು ರಾಜ್ಯ, ಎರಡು ಭಾಷೆ, ಒಂದೇ ಉಬ್ಬರ. ಒಡ್ಡು ಒಡೆದು ದುರಸ್ತಿ ಮಾಡುವವರಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಗದ್ದೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಮರಳುತ್ತವೆ. ಸಾಧ್ಯವಾದರೆ ಒಂದು ಭಾನುವಾರ ಒಡ್ಡಿನ ಮೇಲೆ ನಡೆದು ತೂಬಿನ ಚಿತ್ರ ಬರೆದುಕೊಂಡು ಬನ್ನಿ.

ಪ್ರಶ್ನೆ: ಗಡಿಯಾರದಲ್ಲಿ ಹನ್ನೆರಡಾದಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಓದಿ, ಅಂಗಳದಲ್ಲಿ ಕೋಲು ನೆಟ್ಟು ನೋಡಿದೆ. ಹನ್ನೆರಡರ ನಂತರವೂ ನೆರಳು ಚಿಕ್ಕದಾಗುತ್ತಲೇ ಇತ್ತು. ನನ್ನದು ತಪ್ಪೇ? (ಏಳನೆಯ ತರಗತಿ, ಮುಲುಂಡ್)

ಉತ್ತರ: ನಿನ್ನ ಕೋಲು ಸರಿಯಾಗಿಯೇ ಹೇಳಿದೆ, ಮಗು. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಮುಂಬಯಿ ಇರುವುದು 73 ಡಿಗ್ರಿಗೆ ಸ್ವಲ್ಪ ಪಶ್ಚಿಮದಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾದ್ದರಿಂದ ಮುಂಬಯಿಯ ಸೂರ್ಯ ಗಡಿಯಾರಕ್ಕಿಂತ ಸರಾಸರಿ 39 ನಿಮಿಷ ಹಿಂದೆ. 1955ರವರೆಗೂ ಈ ನಗರದಲ್ಲಿ ‘ಬಾಂಬೆ ಟೈಮ್’ ಎಂಬ ಪ್ರತ್ಯೇಕ ಸಮಯ ಬಳಕೆಯಲ್ಲಿ ಉಳಿದಿತ್ತು. ಇನ್ನು ನೆತ್ತಿಯ ಮಾತು: ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ನಮಗೆ ಸೂರ್ಯ ವರ್ಷದಲ್ಲಿ ಎರಡೇ ದಿನ ಸರಿಯಾಗಿ ನೆತ್ತಿಗೆ ಬರುತ್ತಾನೆ. ಗೋವಾದಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ, ಪುಣೆಯಲ್ಲಿ ಮೇ 13-14ರ ಸುಮಾರಿಗೆ, ಮುಂಬಯಿಯಲ್ಲಿ ಮೇ 15ರ ಆಸುಪಾಸಿನಲ್ಲಿ ಮೊದಲನೆಯದು. ಎರಡನೆಯದು ಜುಲೈ ಕೊನೆ ಮತ್ತು ಆಗಸ್ಟ್ ಮೊದಲಲ್ಲಿ ಬರುವುದರಿಂದ ಮೋಡದ ಮರೆಯಲ್ಲಿ ಕಳೆದುಹೋಗುತ್ತದೆ. ಮೇ ತಿಂಗಳ ಆ ದಿನ ಮಧ್ಯಾಹ್ನ 12 ಗಂಟೆ 35 ನಿಮಿಷದ ಹೊತ್ತಿಗೆ ಅದೇ ಕೋಲನ್ನು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೇರವಾಗಿದೆಯೇ ಎಂದು ನೋಡಿಕೊಂಡು, ನೆಡು. ನೆರಳು ಕೋಲಿನ ಬುಡದೊಳಗೆ ಸೇರಿಹೋದ ನಿಮಿಷವನ್ನು ಬರೆದಿಟ್ಟು ನನಗೆ ಕಳುಹಿಸು. ಪುಣೆಯಲ್ಲಿರುವ ಗೆಳೆಯರು ಯಾರಾದರೂ ಇದ್ದರೆ ಅವರ ನಿಮಿಷವನ್ನೂ ಕೇಳಿ ಬರೆ. ಎರಡರ ನಡುವಿನ ವ್ಯತ್ಯಾಸ ನಾಲ್ಕು ನಿಮಿಷದಷ್ಟು ಬಂದರೆ, ಮುಂಬಯಿಯಿಂದ ಪುಣೆಗೆ ಎಷ್ಟು ರೇಖಾಂಶ ಎಂಬುದನ್ನು ನೀನೇ ಅಳೆದಂತಾಗುತ್ತದೆ.